ಮೂರನೆಯ ಕುರ್ಚಿಯ ಜಾಗ

ಒವಿದಿಯೊನ ತಲೆ ಕೆಟ್ಟು ಹೋಗಿತ್ತು. ಪೊನ್ಸೆ ಪಟ್ಟಣದ ಕಡಲ ಬೀದಿಯಲ್ಲಿ ಮೂವತ್ತು ವರ್ಷ ಕತ್ತರಿ ಹಿಡಿದ ಮನುಷ್ಯ, ಯಾರ ಗಡ್ಡಕ್ಕೂ ಹೆದರಿದವನಲ್ಲ. ಆದರೆ ಕ್ಷೌರದಂಗಡಿಯ ಮೂಲೆಯಲ್ಲಿ ತಾನೇ ಆಸೆಪಟ್ಟು ಇಟ್ಟ ಉಪ್ಪುನೀರಿನ ಗಾಜಿನ ತೊಟ್ಟಿ ಎರಡೇ ತಿಂಗಳಲ್ಲಿ ಅವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿತ್ತು. ಬಿಟ್ಟದ್ದು ಮೂರು ಮೀನು, ಉಳಿದದ್ದು ಒಂದು. ಅರ್ಧ ನೇರಳೆ, ಅರ್ಧ ಹಳದಿ, ಹೆಬ್ಬೆರಳಿನಷ್ಟು ಉದ್ದ.

ಎಲ್ಲ ಆ ಹಾಳು ಕಲ್ಲುಗಳಿಂದ ಬಂದ ರಗಳೆ. ಸಮುದ್ರದ ಕಲ್ಲು ಹಾಕಿದರೆ ನೀರು ಕೆಡುವುದಿಲ್ಲ ಎಂದಿದ್ದ ಮೀನಿನಂಗಡಿಯವನು, ಅದರ ತೂತುಗಳಲ್ಲಿ ಯಾರ್ಯಾರು ಟಿಕೆಟ್ಟಿಲ್ಲದೆ ಬರುತ್ತಾರೆಂದು ಮಾತ್ರ ಹೇಳಿರಲಿಲ್ಲ. ಮೊದಲು ಕಂಡದ್ದು ಮುಳ್ಳುಹುಳು. ಕೈಯಿಂದ ಹಿಡಿದೆಳೆದ, ಬೆರಳು ಊದಿ ಎರಡು ದಿನ ಕತ್ತರಿ ಹಿಡಿಯಲಾಗಲಿಲ್ಲ. ಅದು ಕಸ ತಿಂದು ಬದುಕುವ ಪಾಪದ ಪ್ರಾಣಿ ಎಂದು ಗೊತ್ತಾದದ್ದು ಅದನ್ನು ಕೊಂದ ಮೇಲೆ. ಆಮೇಲೆ ಬಂತು ಒಂದು ಏಡಿ, ಮೈತುಂಬ ಕೂದಲು. "ಇಷ್ಟು ಕೂದಲಿರೋ ಗಿರಾಕಿ ನನ್ನಂಗಡಿ ಬಿಟ್ಟು ಇನ್ನೆಲ್ಲಿಗೆ ಹೋಗ್ಬೇಕು ಹೇಳಿ!" ಎಂದು ನಕ್ಕು, ಅದಕ್ಕೆ ತಾತ ಎಂದು ಹೆಸರಿಟ್ಟ. ದಿನಾ ಬೆಳಿಗ್ಗೆ ಇಕ್ಕಳದ ತುದಿಯಲ್ಲಿ ತುತ್ತು ಕೊಡುತ್ತಿದ್ದ.

ಅವನ ಸಿಟ್ಟೆಲ್ಲ ದೊಡ್ಡ ಕಲ್ಲಿನೊಳಗಿಂದ ಬರುವ 'ಟಕ್' ಸದ್ದಿನ ಮೇಲೆ. ಒವಿದಿಯೊ ಗಿರಾಕಿಯ ಕತ್ತಿನ ಮೇಲೆ ಕ್ಷೌರದ ಕತ್ತಿ ಇಟ್ಟ ಹೊತ್ತಿಗೇ, ಮುಖ ತೋರಿಸದ ಯಾವುದೋ ಪ್ರಾಣಿ ಟಕ್ ಎನ್ನುತ್ತಿತ್ತು. ಮೀನುಗಳ ಕೊಲೆಗಾರ ಇವನೇ, ಅನುಮಾನವೇ ಇಲ್ಲ!

ಅಂಗಡಿಯಲ್ಲಿ ಅರ್ಧ ಪಾಲಿದ್ದ ಅಕ್ಕ ಮಿಗ್ದಾಲಿಯಾ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು: "ನೀನು ಮೂರನೇ ಕುರ್ಚಿ ಹಿತ್ತಲಿಗೆ ಹಾಕಿ ಈ ತೊಟ್ಟಿ ಇಟ್ಟೆ, ನಾನು ಸುಮ್ನಿದ್ದೆ. ಇದೊಂದು ಮೀನೂ ಹೋಯ್ತೋ, ತೊಟ್ಟಿ ಆಚೆ, ಕುರ್ಚಿ ಒಳಗೆ. ಆಮೇಲೆ ಅಕ್ಕಾ ಅಕ್ಕಾ ಅಂತ ಗೋಗರೀಬೇಡ."

ಬುಧವಾರ ಬೆಳಿಗ್ಗೆ ಬೆಸ್ತ ಸೆನೋನ್ ಮುಖಕ್ಕೆ ನೊರೆ ಬಳಿಸಿಕೊಂಡು ಕೂತಿದ್ದ. ಒಂದು ಕೆನ್ನೆ ಮುಗಿದಿತ್ತು. ಟಕ್!

ಒವಿದಿಯೊ ಕತ್ತಿ ಕೆಳಗಿಟ್ಟ. "ಸಾಕು. ಇವತ್ತು ಅವನೋ ನಾನೋ."

"ಕಂಪಾಯ್, ಗೆಳೆಯಾ, ಅರ್ಧ ಮುಖದಲ್ಲಿ ನನ್ನ ಬಿಟ್ಟು ಎಲ್ಲಿಗಯ್ಯಾ?"

"ಕೂತ್ಕೊ ಮಾರಾಯ. ನಿನ್ನ ಗಡ್ಡ ಎಲ್ಲೂ ಓಡಿಹೋಗಲ್ಲ."

ದೊಡ್ಡ ಕಲ್ಲನ್ನು ಎತ್ತಿದ. ಅದರ ತೂತಿನಲ್ಲಿ ಅಡಗಿದ್ದ ಮೀನು ಜಾರಿ ಮತ್ತೆ ನೀರಿಗೇ ಬಿದ್ದು ಗಾಜಿನ ಮೂಲೆಗೆ ಅಂಟಿಕೊಂಡಿತು. ಒವಿದಿಯೊ ಅತ್ತ ನೋಡಲೂ ಇಲ್ಲ. ಕಲ್ಲನ್ನು ಹಿತ್ತಲ ಬಾಗಿಲಿಗೆ ಒಯ್ದು, ಬಕೆಟ್ಟಿಗಿಟ್ಟು, ಸೋಡಾ ಸುರಿದ. ಸೋಡಾ ಬಿದ್ದರೆ ಎಂಥ ಕಳ್ಳನೂ ತೂತು ಬಿಟ್ಟು ಹೊರಬರಬೇಕು. ಸ್ವಲ್ಪ ಹೊತ್ತಿಗೆ ಕಿರುಬೆರಳಿನಷ್ಟು ಸೀಗಡಿಯೊಂದು ಉರುಳಿತು. ಒಂದು ಮುಂಗಾಲು ಮಾತ್ರ ಮೈಗಿಂತ ದಪ್ಪ. ಎರಡು ಸಲ ಒದ್ದಾಡಿ ಸುಮ್ಮನಾಯಿತು.

ನೊರೆ ಸುರಿಸುತ್ತಲೇ ಬಂದ ಸೆನೋನ್ ಬಗ್ಗಿ ನೋಡಿದ. "ಅಯ್ಯೋ, ಇದಾ? ಇದು ಚಿಟಿಕೆ ಹೊಡೆಯೋ ಸೀಗಡಿ ಕಣೋ! ಬರೀ ಸದ್ದು. ನಿನ್ನ ಮೀನಿನ ತಂಟೆಗೆಲ್ಲ ಹೋಗಲ್ಲ."

"ಹಾಗಾದ್ರೆ ಮೀನು ತಿಂದದ್ದು ಯಾರು, ನಾನಾ?" ಒವಿದಿಯೊ ಕಿರುಚಿದ.

"ನನ್ನ ಮೇಲ್ಯಾಕೆ ರೇಗ್ತೀಯ? ಕೂದಲಿರೋ ಏಡಿ ಏನಾದ್ರೂ ಇದೆಯಾ ಒಳಗೆ? ಮುಂಗಾಲಿನ ತುದಿ ಕಪ್ಪಗಿರೋದು?"

"ತಾತನಾ? ಅವನು ನನ್ನ ಕೈಯಿಂದ ತಿಂತಾನಪ್ಪಾ!"

"ಏನು ತಿನ್ನಿಸ್ತೀಯ?"

ಒವಿದಿಯೊ ಒಳಗಿನ ತೊಟ್ಟಿಯತ್ತ ತಿರುಗಿದ. ತಿನ್ನಿಸುತ್ತಿದ್ದದ್ದು ಮೀನಿನ ಚೂರು.

"ಒವಿದಿಯೊ, ಬಾರೋ ಇಲ್ಲಿ," ಒಳಗಿಂದ ಅಕ್ಕ ಕರೆದಳು. ದನಿಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು.

ಮನೆ ಕಳೆದುಕೊಂಡ ಮೀನು ಮೂಲೆಯಲ್ಲಿ ನಿಂತದ್ದು ಸರಿಯಾಗಿ ತಾತ ಅಡಗಿದ್ದ ಕಲ್ಲಿನ ಬಾಗಿಲಲ್ಲಿ. ಒವಿದಿಯೊ ಭುಜದವರೆಗೆ ಕೈ ಮುಳುಗಿಸಿದ. ಏಡಿ ಹಿಡಿದದ್ದನ್ನು ಬಿಡದೆ ತೂತಿನೊಳಕ್ಕೆ ಸರಿಯಿತು. ಹಳದಿ ಬಾಲ ಒಂದು ಕ್ಷಣ ಕಂಡಿತು, ಆಮೇಲೆ ಅದೂ ಇಲ್ಲ.

"ಮನೆ ಕಿತ್ತದ್ದೂ ನಾನೇ, ಆ ಪಾಪಿಗೆ ರುಚಿ ಹತ್ತಿಸಿದ್ದೂ ನಾನೇ," ಎಂದ.

"ಕುರ್ಚಿ ನಾಳೆ ತಂದ್ರಾಯ್ತು ಬಿಡೋ," ಎಂದಳು ಮಿಗ್ದಾಲಿಯಾ.

ಅವನು ಕೇಳಲಿಲ್ಲ. ಹಿತ್ತಲಿಂದ ಕುರ್ಚಿ ಎಳೆದು ತಂದು ತೊಟ್ಟಿಯ ಮುಂದೆ ನಿಲ್ಲಿಸಿ, ಒದ್ದೆ ತೋಳಿನಿಂದಲೇ ಧೂಳು ಒರೆಸಿದ. "ಕೂತ್ಕೊ," ಎಂದು ಸೆನೋನನನ್ನು ಕೂರಿಸಿ, ಉಳಿದ ಕೆನ್ನೆಗೆ ಕತ್ತಿ ಇಟ್ಟ. ಅಂಗಡಿಯಲ್ಲಿ ಈಗ ಆ ಟಕ್ ಸದ್ದಿರಲಿಲ್ಲ. ಆದರೂ ಅದನ್ನೇ ಕಾಯುವಂತೆ ಅವನ ಕೈ ಮತ್ತೆ ಮತ್ತೆ ನಿಲ್ಲುತ್ತಿತ್ತು.