ತಾತನ ಎಲೆಯ ಮೇಲಿನ ಶ್ಯಾವಿಗೆ

ಪಿತೃಪಕ್ಷದ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಸತ್ತವರಿಗೆ ಮಾತ್ರ ಟೆನ್ಶನ್ ಇರುವುದಿಲ್ಲ. ಉಳಿದವರಿಗೆಲ್ಲ ಇರುತ್ತದೆ.

ಅವತ್ತು ನಮ್ಮ ತಾತ ಮೂಡಲಗಿರಿಯಪ್ಪನಿಗೆ ಎಡೆ ಇಡುತ್ತೇವೆ. ಕಳಸದ ಮುಂದೆ ಹೊಸ ಪಂಚೆ, ಒಂದು ಕಟ್ಟು ಬೀಡಿ, ಬಾಳೆ ಎಲೆಯ ತುಂಬ ತಾತ ಬದುಕಿದ್ದಾಗ ಇಷ್ಟಪಟ್ಟು ಉಣ್ಣುತ್ತಿದ್ದ ಅಡುಗೆ. ಆಮೇಲೆ ಬಾಗಿಲು ಮುಚ್ಚಿಕೊಂಡು ಮನೆಮಂದಿಯೆಲ್ಲ ಅಂಗಳದಲ್ಲಿ ಕೂರಬೇಕು. ತಾತ ಬಂದು ನೆಮ್ಮದಿಯಾಗಿ ಉಂಡು ಹೋಗಲಿ ಅಂತ. ಅರ್ಧ ಗಂಟೆ ಬಿಟ್ಟು ಅಪ್ಪ ಬಾಗಿಲು ಬಡಿದು, ಒಂದು ಸಲ ಕೆಮ್ಮಿ, ಒಳಗೆ ಹೋಗುತ್ತಾನೆ. ತಾತನ ಎಲೆಯಲ್ಲಿರುವುದನ್ನು ಅಜ್ಜಿ ತಿಪ್ಪಕ್ಕ ಉಣ್ಣುತ್ತಾಳೆ. ನಮ್ಮ ಊಟ ಅದಾದ ಮೇಲೆ.

ಮೂರು ವರ್ಷದ ಹಿಂದೆ ನಾನು ಕಳಸದ ಮಣೆಯ ಕೆಳಗೆ ಫೋನ್ ಇಟ್ಟು, ಬಾಗಿಲು ಮುಚ್ಚಿದ ಹತ್ತನೇ ನಿಮಿಷಕ್ಕೆ ಸರಿಯಾಗಿ ಮುದುಕರ ಕೆಮ್ಮು ಬರುವಂತೆ ಮಾಡಿದ್ದೆ. ಅಪ್ಪ ಅಂಗಳದಲ್ಲೇ ಉದ್ದಕ್ಕೆ ಅಡ್ಡಬಿದ್ದುಬಿಟ್ಟ. ನಿಜ ಗೊತ್ತಾದ ಮೇಲೆ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆವತ್ತಿನಿಂದ ಅಮಾವಾಸ್ಯೆ ಬಂದರೆ ಮೊದಲು ಜಪ್ತಿಯಾಗುವುದು ನನ್ನ ಫೋನ್.

ಆದರೆ ಹೋದ ವರ್ಷ ಆಗಿದ್ದು ತಮಾಷೆಯಲ್ಲ, ಜಗಳ. ಅದಕ್ಕೆ ಕಾರಣ ಶ್ಯಾವಿಗೆ. ತಾತನಿಗೆ ಒತ್ತು ಶ್ಯಾವಿಗೆ, ಕಾಯಿಹಾಲು ಪ್ರಾಣ ಅಂತ ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಅದನ್ನು ಮಾಡುತ್ತಾರೆ. ಅದು ಇಬ್ಬರ ಕೆಲಸ. ಬೆಂದ ಹಿಟ್ಟಿನ ಉಂಡೆಯನ್ನು ಬಿಸಿಬಿಸಿಯಾಗಿ ಮರದ ಒರಳಿಗೆ ತುಂಬಲು ಒಬ್ಬರು, ಹಿಡಿಯ ಮೇಲೆ ಮೈಭಾರ ಬಿಟ್ಟು ಒತ್ತಲು ಇನ್ನೊಬ್ಬರು. ಹಿಟ್ಟು ಆರಿತೋ, ಕಲ್ಲು. ಹೋದ ವರ್ಷ ಚಿಕ್ಕಮ್ಮ ಸುಚಿತ್ರಾ ಒತ್ತುತ್ತಿದ್ದಾಗ ಅವಳ ಮಗ ಶರಣ್ ಅಂಗಳದಲ್ಲಿ ಬಿದ್ದು ಕಿರುಚಿದ. ಚಿಕ್ಕಮ್ಮ ಓಡಿದಳು. ಹಿಟ್ಟು ಆರಿತು. ನಮ್ಮಮ್ಮ ಯಶೋಧಾ, ಬೆಳಗಿನ ನಾಲ್ಕಕ್ಕೆ ಎದ್ದವಳು, "ಮಕ್ಳನ್ನ ಹೆತ್ರೆ ಸಾಲ್ದು, ಹಬ್ಬದ ದಿನ ಹಿಡಿದು ಕೂರ್ಸಕೂ ಬರ್ಬೇಕು" ಅಂದಳು. ಚಿಕ್ಕಮ್ಮ ಹಿರಿಯರ ಹಬ್ಬದ ದಿನ ಉಣ್ಣದೆ ಎದ್ದು ಹೋದಳು. ನಮ್ಮ ಕಡೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಈ ವರ್ಷ ಹಬ್ಬಕ್ಕೆ ವಾರವಿರುವಾಗ ಬಬ್ಬೂರಿನ ಫಾರ್ಮಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪ ಶ್ರೀನಿವಾಸ್ ಫೋನ್ ಮಾಡಿದ. ಅಪ್ಪ ಸ್ಪೀಕರ್ ಹಾಕಿದ್ದ.

"ತಿಪ್ಪೇಶಣ್ಣ, ಈ ಸಲ ಬರ್ತೀವಿ. ಮುಂದಿನ ವರ್ಷದಿಂದ ನಾನು ಇಲ್ಲೇ ಬೇರೆ ಎಡೆ ಇಟ್ಕಂತೀನಿ. ಹೆಂಗಸ್ರು ಹೊಂದ್ಕಳಲ್ಲ ಅಂದ್ಮೇಲೆ ಯಾಕ್ ಬೇಕು."

ಅಪ್ಪ ಹೂಂ ಅಂದ. ಅಜ್ಜಿ ಕೇಳಿಸಿಕೊಂಡಳು. ಹಬ್ಬದ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಬಂದು ನನ್ನ ಮೊಣಕೈ ಹಿಡಿದಳು.

"ಪಲ್ಲವೀ, ಈ ಸಲ ಜಗಳ ಆಗ್ದಂಗೆ ನೋಡ್ಕಳೆ. ಎಡೆ ಎರಡಾದ್ರೆ ನಾ ಯಾವ ಎಲೆ ಮುಂದೆ ಕುಂತ್ಕಳ್ಳಿ?"

"ಅಜ್ಜಿ, ಈ ಪಲ್ಲವಿ ಇರೋ ಮನೆಗೆ ಜಗಳ ಬರ್ಬೇಕಂದ್ರೂ ಬಾಗ್ಲಲ್ಲಿ ಚಪ್ಪಲಿ ಬಿಟ್ಟು ಪರ್ಮಿಶನ್ ಕೇಳ್ಬೇಕು."

"ಸಿನಿಮಾ ಮಾತು ಬ್ಯಾಡ. ಮಕ್ಳನ್ನ ಒಲೆ ಹತ್ರ ಬಿಡಬ್ಯಾಡ, ಅಷ್ಟು ಮಾಡು."

ಬ್ರಷ್ ಮತ್ತೆ ಬಾಯಿಗಿಟ್ಟುಕೊಂಡಿದ್ದರಿಂದ ನಾನು ಬರೀ ತಲೆಯಾಡಿಸಿದೆ.

ಒಂಬತ್ತು ಗಂಟೆಗೆ ಚಿಕ್ಕಪ್ಪನ ಸಂಸಾರ ನಮ್ಮೂರು ಹೊರಕೆರೆದೇವಪುರಕ್ಕೆ ಬಂದಿಳಿಯಿತು. ಅಮ್ಮ "ಬರ್ರಿ" ಅಂದಳು, ಗೋಡೆಗೆ. ಚಿಕ್ಕಮ್ಮ "ಹೂಂ ಅಕ್ಕ" ಅಂದಳು, ನೆಲಕ್ಕೆ. ಒಂಬತ್ತು ವರ್ಷದ ಸಹನಾ, ಆರು ವರ್ಷದ ಶರಣ್ ಇಬ್ಬರೂ ಬ್ಯಾಗ್ ಎಸೆದು ನೇರ ಅಡುಗೆಮನೆಯ ಕಡೆ ಓಡಿದರು. ನಾನು ಬಾಗಿಲಿಗೆ ಅಡ್ಡ ನಿಂತು ಎರಡು ಕೈ ಚಾಚಿದೆ.

"ನಿಲ್ರಿ. ಈ ಗೆರೆ ದಾಟಿದೋರು ಇಂಟರ್‌ವಲ್ ನೋಡಿಲ್ಲ."

"ಅಕ್ಕ, ಬೋರ್ ಆಗ್ತೈತೆ. ಫೋನ್ ಕೊಡು," ಅಂದ ಶರಣ್.

"ಫೋನ್ ಆಡೋದು ಮಕ್ಳು. ನೀವಿಬ್ರೂ ಇವತ್ತು ಪತ್ತೇದಾರ್ರು. ಕೇಸ್ ಏನ್ ಗೊತ್ತಾ? ಮೂಡಲಗಿರಿಯಪ್ಪ ಯಾರು? ನೀವ್ ನೋಡಿಲ್ಲ. ನಾನೂ ಸರಿಯಾಗಿ ನೋಡಿಲ್ಲ. ಊರೆಲ್ಲ ಸುತ್ತಿ ಸಾಕ್ಷಿ ತರ್ಬೇಕು. ಒಂದೊಂದು ಉತ್ತರಕ್ಕೂ ಕಣ್ಣಾರೆ ಕಂಡ ಇಬ್ರು ಸಾಕ್ಷಿ. ಯಾರೋ ಹೇಳಿದ್ರು ಅನ್ನೋದು ಈ ಕೋರ್ಟಲ್ಲಿ ನಡಿಯಲ್ಲ."

ಹಳೇ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಟ್ಟೆ. ತಾತನ ಎತ್ತಿನ ಹೆಸರೇನು? ಕೋಪ ಬಂದರೆ ಏನಂತ ಬೈಯುತ್ತಿದ್ದರು? ನಗುವಾಗ ಎಷ್ಟು ಹಲ್ಲು ಕಾಣುತ್ತಿತ್ತು? ಕೊನೆಯದನ್ನು ಸುಮ್ಮನೆ, ಪುಟ ತುಂಬಲಿ ಅಂತ ಬರೆದೆ: ಶ್ಯಾವಿಗೆ ಎಷ್ಟು ತಟ್ಟೆ ತಿನ್ನುತ್ತಿದ್ದರು?

ಮಕ್ಕಳು ಹೋದವರು ಮಧ್ಯಾಹ್ನದವರೆಗೂ ಅಡುಗೆಮನೆಯ ಒಳಗೆ ಕಾಲಿಡಲಿಲ್ಲ. ನಡುನಡುವೆ ಓಡಿ ಬಂದು ವರದಿ ಒಪ್ಪಿಸುತ್ತಿದ್ದರು. ಎತ್ತಿನ ಹೆಸರು ರಾಮ, ಇನ್ನೊಂದರ ಹೆಸರೂ ರಾಮ. ತಾತ ಸಂತೆಯಲ್ಲಿ ಒಬ್ಬನ ಛತ್ರಿ ಕಿತ್ತುಕೊಂಡು ಅವನಿಗೇ ಬಾಡಿಗೆಗೆ ಕೊಟ್ಟಿದ್ದರಂತೆ. ಅದನ್ನು ಕೇಳಿ ಒರಳಿನ ಹಿಡಿಯ ಮೇಲೆ ನೇತಾಡುತ್ತಿದ್ದ ಚಿಕ್ಕಮ್ಮ ಫಕ್ಕನೆ ನಕ್ಕಳು. ಅಮ್ಮ ನಗಲಿಲ್ಲ, ಆದರೆ ಹಿಟ್ಟಿನ ಉಂಡೆಯನ್ನು ಮೆತ್ತಗೆ ಇಟ್ಟಳು. ಶ್ಯಾವಿಗೆ ಒಂದು ಎಳೆಯೂ ತುಂಡಾಗದೆ ಇಳಿಯಿತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನಾನು ಅಜ್ಜಿಗೆ ಹೆಬ್ಬೆರಳು ತೋರಿಸಿದೆ. ಅಜ್ಜಿ ಎರಡು ಕೈ ಜೋಡಿಸಿ ಕಣ್ಣು ಮುಚ್ಚಿದಳು.

ಒಂದೂವರೆಗೆ, ಶ್ಯಾವಿಗೆ ಒತ್ತಿ ಮುಗಿದ ಕೂಡಲೇ, ಎಡೆ ಇಟ್ಟು ಬಾಗಿಲು ಮುಚ್ಚಿದೆವು. ತಾತನ ಗೆಳೆಯ ಓಬಳೇಶಪ್ಪಜ್ಜ ಪ್ರತಿ ವರ್ಷದಂತೆ ಊಟಕ್ಕೆ ಬಂದು ಜಗಲಿ ಮೇಲೆ ಕುಳಿತಿದ್ದರು. ಅರ್ಧ ಗಂಟೆ ಕಳೆದರೆ ಗೆದ್ದಂತೆ ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಆಗ ಸಹನಾ ನೋಟ್‌ಬುಕ್ ಹಿಡಿದು ಅಂಗಳದ ಮಧ್ಯೆ ನಿಂತಳು.

"ಪಲ್ಲವಿ ಅಕ್ಕ, ಕೊನೇ ಪ್ರಶ್ನೆಗೆ ಒಬ್ರೂ ಸಾಕ್ಷಿ ಸಿಕ್ತಿಲ್ಲ."

"ಯಾವುದು?"

"ಶ್ಯಾವಿಗೆದು. ದೊಡ್ಡಪ್ಪನ್ನ ಕೇಳಿದ್ರೆ ನಾ ನೋಡಿಲ್ಲ, ಅವ್ವ ಹೇಳಿದ್ಲು ಅಂತಾರೆ. ಅಪ್ಪನ್ನ ಕೇಳಿದ್ರೆ ದೊಡ್ಡಪ್ಪ ಹೇಳಿದ್ದು ಅಂತಾರೆ. ದೊಡ್ಡಮ್ಮ ನೋಡಿಲ್ಲ. ಅಮ್ಮನೂ ನೋಡಿಲ್ಲ. ತಾತ ಶ್ಯಾವಿಗೆ ತಿಂದಿದ್ದು ನೋಡಿದೋರು ಯಾರ್ ಅವ್ರೆ?"

ಚಿಕ್ಕಪ್ಪ ಅಪ್ಪನ ಮುಖ ನೋಡಿದ. ಓಬಳೇಶಪ್ಪಜ್ಜ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು.

"ಗಿರಿಯಪ್ಪ ಶ್ಯಾವಿಗೆ ತಿನ್ನೋದಾ? ನಮ್ಮನೇಲಿ ಒಂದ್ಸಲ ಬಡಿಸಿದ್ರೆ ತಟ್ಟೆ ದೂಡಿ ಎದ್ದೋಗಿದ್ದ. ಹುಳ ಇದ್ದಂಗೈತೆ, ನೋಡಕಾಗಲ್ಲ ಅಂತಿದ್ದ."

"ಮತ್ತೆ ಪ್ರತಿ ವರ್ಷ ನೋಡ್ಕಂಡು ಸುಮ್ನಿದ್ರಲ್ಲ ಅಜ್ಜಾ?" ಅಂದೆ.

"ಸತ್ಮೇಲೆ ನಾಲಿಗೆ ಬದ್ಲಾಗಿರ್ಬೇಕು ಅಂದ್ಕಂಡೆ."

ಅಪ್ಪ ಜಗಲಿಯ ಕಂಬ ಹಿಡಿದುಕೊಂಡ. "ಹನ್ನೊಂದು ವರ್ಷದಿಂದ ನಮ್ಮಪ್ಪಂಗೆ ಹುಳ ಬಡಿಸಿದೀವಾ?" ಅಂದವನು ಮುಚ್ಚಿದ ಬಾಗಿಲ ಕಡೆ ನೋಡಿದ. ಕೆಮ್ಮಿನ ಫೋನಿಗೆ ಹೆದರಿದಾಗಲೂ ಅವನ ಮುಖ ಹೀಗಾಗಿರಲಿಲ್ಲ.

"ಅಂದ್ರೆ ಹೋದ ವರ್ಷ ನಾವು ಜಗಳಾಡಿದ್ದು," ಅಂತ ಶುರು ಮಾಡಿದ ಚಿಕ್ಕಪ್ಪ ಅಲ್ಲಿಗೇ ನಿಂತ. ಅಮ್ಮ ತನ್ನ ಬಲ ಭುಜವನ್ನು ಎಡಗೈಯಿಂದ ಒತ್ತಿಕೊಂಡಳು. ಮುಗಿಯಿತು ಅಂದುಕೊಂಡೆ. ಜಗಳ ತಡೆಯಲು ಹೋಗಿ ಎಡೆಯನ್ನು ನಾನೇ ಎರಡು ಮಾಡಿದೆ. ಇನ್ನು ಒಬ್ಬೊಬ್ಬರೂ ಇನ್ನೊಬ್ಬರ ಮೇಲೆ ತಪ್ಪು ಹೊರಿಸುತ್ತಾರೆ, ಸಂಜೆಯೊಳಗೆ ಚಿಕ್ಕಪ್ಪ ಬ್ಯಾಗ್ ಎತ್ತುತ್ತಾನೆ.

"ಅವ್ವ," ಅಂದ ಅಪ್ಪ. "ನೀನೇ ತಾನೇ ಹೇಳಿದ್ದು?"

ಅಜ್ಜಿ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

"ಮೊದಲ್ನೇ ವರ್ಷ ಎಡೆ ಇಡುವಾಗ ನೀನು, ಅಪ್ಪಂಗೆ ಇಷ್ಟ ಇರೋ ಸಿಹಿ ಯಾವುದು ಅಂತ ಕೇಳ್ದೆ. ನಿಮ್ಮಪ್ಪಂಗೆ ಸಿಹಿನೇ ಸೇರ್ತಿರ್ಲಿಲ್ಲ. ಏನ್ ಹೇಳ್ಬೇಕು ತಿಳೀಲಿಲ್ಲ. ಬಾಯಿಗೆ ಶ್ಯಾವಿಗೆ ಬಂತು."

ಸಹನಾ ಪೆನ್ಸಿಲ್ ಎತ್ತಿದಳು. "ಯಾಕೆ ಬಂತು?"

"ನಂಗಿಷ್ಟ. ಅದಕ್ಕೆ."

ಅಜ್ಜಿ ಯಾರ ಮುಖವನ್ನೂ ನೋಡಲಿಲ್ಲ. "ಆ ಒರಳು ನನ್ನ ತವರಿಂದು. ಮದುವೇಲಿ ಕೊಟ್ಟಿದ್ದು. ಆವಯ್ಯಂಗೆ ಕಂಡ್ರೆ ಆಗಲ್ಲ ಅಂತ ಅಟ್ಟ ಸೇರ್ತು. ನಲವತ್ತೆಂಟು ವರ್ಷ ಕೆಳಗಿಳೀಲಿಲ್ಲ. ಆವಯ್ಯ ಹೋದ್ಮೇಲೆ ನೀವೇ ಇಳಿಸಿದ್ರಿ. ಎಲೆ ಹೆಂಗೂ ನಂಗೇ ಬರ್ತೈತಲ್ಲ ಅಂದ್ಕಂಡೆ. ಮುಂದಿನ ವರ್ಷ ಹೇಳಾಣ ಅಂತಿದ್ದೆ. ಅಷ್ಟೊತ್ತಿಗೆ ತಾತಂಗೆ ಶ್ಯಾವಿಗೆ ಅಂದ್ರೆ ಪ್ರಾಣ ಅಂತ ಊರಿಗೆಲ್ಲ ಹೇಳಿದ್ರಿ. ಹೆಂಗ್ ಹೇಳ್ಲಿ."

"ಹನ್ನೊಂದು ವರ್ಷ ಅತ್ತೆ," ಅಂದಳು ಅಮ್ಮ. "ನನ್ನ ಭುಜ ಹೋಗೈತೆ. ಸುಚಿತ್ರಾ ಉಣ್ಣದೆ ಹೋದ್ಲು. ನಂಗೆ ಶ್ಯಾವಿಗೆ ಮಾಡ್ಕೊಡೇ ಅಂದಿದ್ರೆ ನಾ ಮಾಡ್ತಿರ್ಲಿಲ್ವಾ?"

"ಬದುಕಿರೋರ್ಗೆ ಅಂತ ಯಾರ್ ಮಾಡ್ತಾರೆ ಯಶೋಧಾ ಅಷ್ಟು ಕೆಲ್ಸ."

ಅಮ್ಮ ತಟ್ಟನೆ ತಿರುಗಿ ಬಾಗಿಲಿಗೆ ಹೋಗಿ ಚಿಲಕ ತೆಗೆದಳು. ಹದಿನೈದು ನಿಮಿಷವೂ ಆಗಿರಲಿಲ್ಲ.

"ಯಶೋಧಾ, ಏನ್ ಮಾಡ್ತಿದೀಯಾ? ಅಪ್ಪ ಉಣ್ತಾ ಇರ್ತಾರೆ," ಅಂದ ಅಪ್ಪ.

"ಹುಳ ಉಣ್ತಾ ಇರಲ್ಲ. ಕುಂತ್ಕಳ್ರಿ."

ಅವಳ ಹಿಂದೆಯೇ ಚಿಕ್ಕಮ್ಮ ಒಳಗೆ ಹೋದಳು. ಹಿರಿಯರು ಉಂಡು ಹೋಗುವ ಮೊದಲೇ ಅವರ ಎಲೆಗೆ ಬದುಕಿರುವವರು ಕೈ ಹಾಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಮ್ಮ ಎರಡೂ ಕೈಯಲ್ಲಿ ಶ್ಯಾವಿಗೆಯ ಮುದ್ದೆಯನ್ನು ಎತ್ತಿದಳು, ಚಿಕ್ಕಮ್ಮ ಕೆಳಗೆ ಬೇರೆ ಎಲೆ ಹಿಡಿದಳು, ಕಾಯಿಹಾಲಿನ ಬಟ್ಟಲನ್ನೂ ತೆಗೆದುಕೊಂಡಳು. ಹೊರಗೆ ತಂದು ಅಜ್ಜಿಯ ಮುಂದೆ ಇಟ್ಟರು.

"ಉಣ್ಣಿ ಅತ್ತೆ," ಅಂದಳು ಚಿಕ್ಕಮ್ಮ.

"ಆವಯ್ಯಂಗಿಂತ ಮುಂಚೆ ಹೆಂಗೆ ಉಣ್ಲೇ."

"ಇದು ಮಾವಂದಲ್ಲ. ನಿಮ್ದು."

ಅಜ್ಜಿ ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು.

"ಬಿಸಿ ಐತೆ," ಅಂದಳು.

ಅರ್ಧ ಗಂಟೆ ಬಿಟ್ಟು ಬಾಗಿಲು ತೆಗೆದು, ಪೂಜೆ ಮುಗಿಸಿ, ಎಲೆ ಕೊಡುವ ಹೊತ್ತಿಗೆ ಆ ಶ್ಯಾವಿಗೆ ಎಷ್ಟು ತಣ್ಣಗಾಗಿರುತ್ತಿತ್ತು ಅನ್ನುವುದನ್ನು ನಮ್ಮಲ್ಲಿ ಯಾರೂ ಯಾವತ್ತೂ ಯೋಚಿಸಿರಲಿಲ್ಲ. ಅಮ್ಮ ಮುಖ ತಿರುಗಿಸಿಕೊಂಡಳು.

ಮಕ್ಕಳಿಗೆ ಇದ್ಯಾವುದೂ ಬೇಕಿರಲಿಲ್ಲ. "ಹಂಗಾದ್ರೆ ತಾತಂಗೆ ಏನಿಷ್ಟ?" ಅಂದ ಶರಣ್. "ಸಾಕ್ಷಿ ಬೇಕು."

ಚಿಕ್ಕಮ್ಮ ಗಂಡನ ಕಡೆ ತಿರುಗಿದಳು. "ಹೇಳ್ರಿ. ಮುಂದಿನ ವರ್ಷ ಬಬ್ಬೂರಲ್ಲಿ ಬೇರೆ ಎಡೆ ಇಡ್ತೀನಿ ಅಂದ್ರಲ್ಲ, ಏನ್ ಇಡ್ತಿದ್ರಿ?"

ಚಿಕ್ಕಪ್ಪ ಕತ್ತು ಕೆರೆದುಕೊಂಡ. "ಶ್ಯಾವಿಗೆ."

ಓಬಳೇಶಪ್ಪಜ್ಜ ಕೆಮ್ಮಿದರು. ಅಪ್ಪ ಬೆಚ್ಚಿಬಿದ್ದ.

"ನಿಮ್ಮಪ್ಪಂಗೆ ಏನ್ ಬೇಕು ಅಂತ ನಿಮ್ಗೇ ಗೊತ್ತಿಲ್ಲ, ನನ್ ಕೈಲಿ ಅಲ್ಲಿ ಏನ್ ಮಾಡಿಸ್ತಿದ್ರಿ? ಗೊತ್ತಿರೋರು ಇಲ್ಲಿ ಕುಂತವ್ರೆ. ಎಡೆ ಎಲ್ಲೂ ಹೋಗಲ್ಲ, ಇಲ್ಲೇ ಇರ್ಲಿ."

ಚಿಕ್ಕಪ್ಪ ಅಪ್ಪನನ್ನು ನೋಡಿದ. "ಸರಿ ಬಿಡಣ್ಣ," ಅಂದ. ಅಪ್ಪ ಹೂಂ ಅಂದ. ಬಿರುಗಾಳಿ, ಗುಡುಗು, ಹಿನ್ನೆಲೆ ಸಂಗೀತ ಏನೂ ಇರಲಿಲ್ಲ. ಅಜ್ಜಿಯ ಹೆಗಲು ಮಾತ್ರ ಎರಡು ಇಂಚು ಕೆಳಗಿಳಿಯಿತು.

"ಮಂಡಕ್ಕಿ ಮೆಣಸಿನಕಾಯಿ," ಅಂದಳು ಬಾಯಿ ತುಂಬಿಕೊಂಡೇ.

"ಏನು?" ಅಂದಳು ಅಮ್ಮ.

"ಆವಯ್ಯಂಗೆ ಇಷ್ಟ ಇದ್ದಿದ್ದು. ಸರ್ಕಲ್ ಅಂಗಡೀದು. ಮನೇಲಿ ಮಾಡಿದ್ರೆ ತಿಂತಿರ್ಲಿಲ್ಲ."

"ಪೇಪರ್‌ನಾಗೆ ಕಟ್ಸ್ಕಂಡು ಕೆರೆ ಏರಿ ಮೇಲೆ ಕುಂತು ತಿಂತಿದ್ವಿ," ಅಂದರು ಓಬಳೇಶಪ್ಪಜ್ಜ. "ನಾನೂ ಸಾಕ್ಷಿ."

ಅಮ್ಮ ಅಂಗಳದಲ್ಲೇ ಕುಸಿದು ಕುಳಿತಳು. ನಾಲ್ಕು ಗಂಟೆಗೆ ಏಳುವುದು, ಅಕ್ಕಿ ನೆನೆಸುವುದು, ಬೀಸುವುದು, ಬೇಯಿಸುವುದು, ಒತ್ತುವುದು. ಹನ್ನೊಂದು ವರ್ಷ. ಅಂಗಡಿ ನಮ್ಮ ಮನೆಯಿಂದ ಐದು ನಿಮಿಷ.

ಚಿಕ್ಕಪ್ಪ ಬೈಕ್ ಹತ್ತಿದ, ಶರಣ್ ಹಿಂದೆ ಕುಳಿತ. ಪೊಟ್ಟಣ ಬಂತು. ತಾತನ ಎಲೆಯಲ್ಲಿ ಶ್ಯಾವಿಗೆ ಇದ್ದ ಜಾಗಕ್ಕೆ ಮಂಡಕ್ಕಿ ಸುರಿದು, ಮೇಲೆ ನಾಲ್ಕು ಮೆಣಸಿನಕಾಯಿ ಬಜ್ಜಿ ಇಟ್ಟು, ಅಪ್ಪ ಎರಡನೇ ಸಲ ಬಾಗಿಲು ಮುಚ್ಚಿದ. ಅಮ್ಮ, ಚಿಕ್ಕಮ್ಮ ಜಗಲಿಯ ಮೆಟ್ಟಿಲ ಮೇಲೆ ಪಕ್ಕಪಕ್ಕ ಕುಳಿತರು, ಮೊದಲ ಸಲ ಕೈಯಲ್ಲಿ ಕೆಲಸವಿಲ್ಲದೆ.

"ಅಕ್ಕ, ಮುಂದಿನ ವರ್ಷ ನಾನು ಹಿಂದಿನ ದಿನಾನೇ ಬಂದ್ಬಿಡ್ತೀನಿ," ಅಂದಳು ಚಿಕ್ಕಮ್ಮ.

"ಬಂದು ಏನ್ ಮಾಡ್ತೀಯಾ? ಮಂಡಕ್ಕಿ ಹಿಂದಿನ ದಿನ ತಂದ್ರೆ ಮೆತ್ತಗಾಗ್ತೈತೆ," ಅಂದಳು ಅಮ್ಮ.