ಎಡತೋಳಿನಲ್ಲಿದ್ದ ಗಡಿ

ನಮ್ಮ ಗಲ್ಲಿಯ ನಟ್ಟನಡುವೆ ಗೆರೆ ಎಳೆದಿದ್ದಾರೆಂಬ ಸುದ್ದಿ ಬಂದಾಗ ಚಿಕ್ಕಮ್ಮ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ಹೊಸ ಕರಡು ನಕಾಶೆಯ ಪ್ರಕಾರ ಅವಳ ಹೊಲಿಗೆ ಅಂಗಡಿ ಒಂದು ಕ್ಷೇತ್ರಕ್ಕೆ, ಎದುರಿನ ನಮ್ಮ ಮನೆ ಇನ್ನೊಂದಕ್ಕೆ. ಗಲ್ಲಿಯಲ್ಲಿ ಒಂಬೈನೂರು ಮತಗಳು. ಗಲ್ಲಿ ಕೆಡವಿ ಕಾರು ನಿಲ್ಲಿಸಲು ಕಟ್ಟಡ ಕಟ್ಟಿಸುತ್ತೇನೆಂದ ಶಾಸಕನನ್ನು ಕಳೆದ ಸಲ ಮನೆಗೆ ಕಳಿಸಿದವರು ನಾವೇ. ಎರಡಾಗಿ ಹರಿದರೆ ನಾವು ಆ ಕಡೆಯೂ ಎಲೆಯಂಚಿನ ಉಪ್ಪಿನಕಾಯಿ, ಈ ಕಡೆಯೂ ಉಪ್ಪಿನಕಾಯಿ; ಯಾರ ಲೆಕ್ಕಕ್ಕೂ ಇಲ್ಲ.

ಆಕ್ಷೇಪಣೆಗೆ ಅಂದೇ ಕೊನೆಯ ದಿನ, ಸಂಜೆ ಐದರವರೆಗೆ. ನಾವಿಬ್ಬರೂ ಅರ್ಜಿ ಹಿಡಿದು ಕಚೇರಿಗೆ ಹೋದೆವು. ಅಧಿಕಾರಿಯದು ಮೂಗಿನಿಂದ ಇಳಿಯುವ ಮಾತು. ಅದನ್ನು ಆಮೇಲೆ ವಾರಗಟ್ಟಲೆ ಗಲ್ಲಿಗೆಲ್ಲ ಆಡಿ ತೋರಿಸಿದ್ದೇನೆ.

"ಹೊಸ ಗೆರೆ ಅಲ್ಲಮ್ಮ ಇದು, ಹ್ಞಂ. ಮೊದಲಿಂದಲೂ ನಿಮ್ಮ ಗಲ್ಲಿ ಮಧ್ಯಾನೇ ಗಡಿ, ಹ್ಞಂ."

"ಹಳೇ ನಕಾಶೆ ತೋರಿಸಿ ಸಾರ್."

"ಅವನ್ನೆಲ್ಲ ಯಾವತ್ತೋ ರದ್ದಿಗೆ ಹಾಕಿದ್ವಿ. ಮೊಹರು ಇರೋದು ನಿಮ್ಮತ್ರ ಇದ್ರೆ ತನ್ನಿ, ತಗೋತೀನಿ."

"ರದ್ದೀಲಿ ಕೊಂಡವಳು ನಾನೇ," ಅಂದಳು ಚಿಕ್ಕಮ್ಮ.

ಹಿಂಬದಿಗೆ ಬಟ್ಟೆ ಅಂಟಿಸಿದ ನಕಾಶೆಯ ಆ ಗಟ್ಟಿ ಕಾಗದ, ಬಟ್ಟೆಯ ಮೇಲಿಟ್ಟು ಗುರುತು ಹಾಕುವ ಕೋಟಿನ ಅಚ್ಚಿಗೆ ಹೇಳಿ ಮಾಡಿಸಿದಂತಿತ್ತು. ಮೂರು ನಕಾಶೆಗಳಿಂದ ಮೂರು ಅಳತೆಯ ಅಚ್ಚು ಕತ್ತರಿಸಿಕೊಂಡಿದ್ದಳು. ನಾನು ಅಂಗಡಿಗೆ ಓಡಿ, ಮೊಳೆಗೆ ನೇತುಹಾಕಿದ್ದ ಕಟ್ಟನ್ನೇ ಹೊತ್ತು ತಂದೆ.

ಅಧಿಕಾರಿಯ ಚಹಾ ಲೋಟ ಸರಿಸಿ ಅವಳು ಚೂರುಗಳನ್ನು ಜೋಡಿಸಿದಳು. ಮೊದಲು ಹೊಳೆಯವರೆಗೆ ಹಬ್ಬಿದ್ದ ಕ್ಷೇತ್ರ ಆಮೇಲೆ ರೈಲು ಹಳಿಗೆ ಕುಗ್ಗಿತ್ತು, ಕೊನೆಗೆ ಮಾರುಕಟ್ಟೆಯನ್ನೂ ಕಳೆದುಕೊಂಡಿತ್ತು. ನಮ್ಮ ಗಲ್ಲಿ ಒಂದರಲ್ಲಿ ಎಡತೋಳಿನಲ್ಲಿ, ಒಂದರಲ್ಲಿ ಬೆನ್ನಿನಲ್ಲಿ, ಮತ್ತೊಂದರಲ್ಲಿ ಜೇಬಿನಲ್ಲಿ. ಜೇಬಿಗೆ ಹಾಕಿಕೊಂಡವರೂ ನಮ್ಮನ್ನು ಹರಿದಿರಲಿಲ್ಲ.

"ಗಲ್ಲಿ ತೋಳಲ್ಲಿದೆ, ಮೊಹರು ಕಾಲರಲ್ಲಿದೆ. ಎರಡೂ ಒಂದೇ ನಕಾಶೆ ಅಂತ ಹೇಗಮ್ಮ ನಂಬೋದು?"

"ಹೊಲಿದು ತೋರಿಸ್ತೀನಿ, ಕೂತ್ಕೊಳ್ಳಿ."

ಅವನ ಮೇಜಿನ ಮೇಲೆಯೇ ಹೊಲಿದಳು. ತೋಳಿನ ಕೆಂಪು ಗಡಿಗೆರೆ ಬೆನ್ನಿಗೆ ದಾಟಿ ಕಾಲರಿನ ಮೊಹರಿನವರೆಗೆ ಕೂದಲೆಳೆಯಷ್ಟೂ ತಪ್ಪದೆ ಕೂಡಿತು. ಅವನು ಎರಡು ಸಲ ಗಡಿಯಾರ ನೋಡಿದ. ಅವಳು ಒಮ್ಮೆಯೂ ನೋಡಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಕೊನೆಯ ದಾರ ಕಚ್ಚಿ ತುಂಡರಿಸಿದಳು.

"ಇವು ವಾಪಸ್ ಸಿಗಲ್ಲ, ಹ್ಞಂ."

ಮೂವತ್ತು ವರ್ಷದ ಅಚ್ಚುಗಳು. ಚಿಕ್ಕಮ್ಮ ಅವನ್ನೊಮ್ಮೆ ಸವರಿದಳು. "ಇಟ್ಕೊಳ್ಳಿ. ರಸೀದಿ ಕೊಡಿ."

'ನಕಾಶೆ ಮೂರು' ಎಂದು ಬರೆದ.

"ಹಾಗಲ್ಲ. ಇವನ್ನೂ ರದ್ದಿಗೆ ಹಾಕಿ, ಆಮೇಲೆ ನೀವು ಕೊಟ್ಟಿದ್ದು ಅದ್ಯಾವುದೋ ಬೇರೆ ನಕಾಶೆ ಅಂತೀರ. ಎಡತೋಳು ಮೂರು, ಬೆನ್ನು ಮೂರು, ಜೇಬು ಆರು. ಎಲ್ಲಾನೂ ಬರೀರಿ."

ಸರ್ಕಾರಿ ಕಾಗದದ ಮೇಲೆ ಅವನು ಪೂರ್ತಿ ಕೋಟು ಬರೆದು ಮೊಹರು ಒತ್ತಿದ.

ಮೆಟ್ಟಿಲಿಳಿಯುತ್ತ ನಾನು ಮೂಗಿನಲ್ಲಿ ಕೇಳಿದೆ, "ಇಷ್ಟಾದ್ರೂ ಗೆರೆ ಎಳೆದ್ರೆ ಏನಮ್ಮ ಮಾಡ್ತೀರ, ಹ್ಞಂ?"

"ಎಳೀಲಿ, ಕೋರ್ಟಿಗೆ ಹೋಗೋಣ," ಅಂದಳು ಚಿಕ್ಕಮ್ಮ. "ಜಡ್ಜ್ ಮುಂದೆ ನಿಂತು ಆ ರಸೀದಿ ಅವನೇ ಓದ್ಲಿ, ಜೇಬು ಆರು ಅಂತ."