ಜ್ಯೂರಿ ಕೋಣೆಯ ಜಾಲರಿ

ಕ್ಯಾನ್ಸಸ್ಸಿನ ನಮ್ಮ ವಿಲೋಬಿ ಕೌಂಟಿಗೆ ಸುಣ್ಣಕಲ್ಲಿನ ಹೊಸ ಕೋರ್ಟು ಎದ್ದಾಗ, ಪಕ್ಕದ ಕೌಂಟಿಯವರ ಹೊಟ್ಟೆ ಉರಿಯಲಿ ಅಂತಲೇ ಗುಮ್ಮಟವನ್ನು ಅವರದಕ್ಕಿಂತ ಎತ್ತರ ಕಟ್ಟಿಸಿದೆವು. ದುಡ್ಡೆಲ್ಲ ಗುಮ್ಮಟಕ್ಕೇ ಹೋಗಿ, ಮೇಲಿನ ಜ್ಯೂರಿ ಕೋಣೆಗೆ ಒಲೆ ಇಡಲು ಏನೂ ಉಳಿಯಲಿಲ್ಲ. ನಕ್ಷೆ ಬರೆದಾತ ಒಂದು ಉಪಾಯ ಹೂಡಿದ: ಆ ಕೋಣೆಯ ನೆಲಕ್ಕೆ ಕಬ್ಬಿಣದ ಜಾಲರಿ ಹಾಕಿದರೆ, ಕೆಳಗಿನ ಕೋರ್ಟು ಹಾಲಿನ ಒಲೆಯ ಶಾಖವೇ ಮೇಲಕ್ಕೆ ಹೋಗುತ್ತದೆ. ಶಾಖ ಹೋಯಿತು. ಮಾತು ಕೆಳಗೆ ಬರುತ್ತದೆಂದು ಯಾರಿಗೂ ಹೊಳೆಯಲಿಲ್ಲ.

ನಾನು ಆಗ ಕೋರ್ಟಿನ ಜವಾನ. ಮೊದಲ ಮೊಕದ್ದಮೆ ಎಝ್ರಾ ಪಿಂಕ್ನಿಯದು. ಅವನ ಹಂದಿ ಬೇಲಿ ದಾಟಿ ಹೆಂಡತಿಯ ತಮ್ಮ ಲೆಮ್ಯುಯೆಲ್‌ನ ಕುಂಬಳದ ಹೊಲಕ್ಕೆ ನುಗ್ಗಿತ್ತು. ಲೆಮ್ಯುಯೆಲ್ ಅದನ್ನು ಹಿಡಿದು ಕ್ರಿಸ್‌ಮಸ್ ಊಟಕ್ಕೆ ಮುಗಿಸಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ವಾದ ಮುಗಿದು, ತೀರ್ಪು ಹೇಳಬೇಕಾದ ಊರಿನ ಹನ್ನೆರಡು ಜನ ಜ್ಯೂರಿಯವರು ಚರ್ಚೆಗೆ ಮೇಲೆ ಹೋದರು. ಹೊರಗೆ ಹಿಮದ ಬಿರುಗಾಳಿ. ಜಡ್ಜ್ ಸಾಹೇಬರು, ಇಬ್ಬರು ವಕೀಲರು, ಎಝ್ರಾ, ಲೆಮ್ಯುಯೆಲ್, ನಾನು ಒಲೆಯ ಸುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಮೇಲಿಂದ ಕ್ಷೌರದ ಆಬ್ನರ್‌ನ ದನಿ ಸ್ಪಷ್ಟವಾಗಿ ಕೇಳಿತು.

"ಹಂದೀದೇನು ತಪ್ಪು? ಎಝ್ರಾನ ಬೇಲಿ ಕೆಮ್ಮಿದ್ರೆ ಬೀಳತ್ತೆ."

"ಆ ಲೆಮ್ ಏನು ಕಮ್ಮಿನಾ?" ಅಂದ ಇನ್ನೊಬ್ಬ. "ಇಡೀ ಹಂದಿ ನುಂಗ್ದ, ಒಡಹುಟ್ಟಿದ ಅಕ್ಕನಿಗೆ ಒಂದು ತುಂಡು ಕಳಿಸ್ಲಿಲ್ಲ."

ಜಡ್ಜ್ ಬಿಡಲ್ ಸಾಹೇಬರು ಗಾಬರಿಯಾಗಿ ನನ್ನತ್ತ ತಿರುಗಿದರು. "ಇದನ್ನ ನಾವು ಕೇಳಬಾರ್ದು ಕಣಯ್ಯ. ಆ ಜಾಲರಿ ಮುಚ್ಚು."

"ಅಷ್ಟೆತ್ತರದ ಏಣಿ ಕೌಂಟೀಲೇ ಇಲ್ಲ ಸ್ವಾಮಿ."

"ಹಾಗಾದ್ರೆ ಮೇಲೆ ಹೋಗಿ ಹೇಳು."

ನಾನು ಎದ್ದೆ. ಅಷ್ಟರಲ್ಲಿ ಆಬ್ನರ್, "ಜಡ್ಜಿಗೇನು ಗೊತ್ತಾಗತ್ತೆ? ಮಧ್ಯಾಹ್ನ ಪೂರ್ತಿ ಗೊರಕೆ," ಅಂದ.

"ಸ್ವಲ್ಪ ತಡಿ," ಅಂದರು ಸಾಹೇಬರು, ಕಿವಿಯ ಹಿಂದೆ ಕೈಯಿಟ್ಟುಕೊಂಡು.

ಒಲೆಯ ಆ ಬದಿಯಿಂದ ಲೆಮ್ಯುಯೆಲ್ ಗೊಣಗಿದ. "ಭಾವ, ಆ ಬೇಲಿ ನಾವಿಬ್ರೂ ಸೇರಿ ಹಾಕಿದ್ದಲ್ವಾ?"

ಎಝ್ರಾ ಬೆಂಕಿಯನ್ನೇ ನೋಡುತ್ತ, "ಹೌದು. ಕಂಬ ನೆಟ್ಟೋನು ನೀನು," ಅಂದ.

"ಮತ್ತೆ? ಕೆಮ್ಮಿದ್ರೆ ಬೀಳತ್ತಂತೆ."

"ಮಾಂಸದ ಮಾತೂ ಸುಳ್ಳೇ. ನೀನು ಕಳಿಸಿದ್ದೆ, ನಾನು ಸಿಟ್ಟಲ್ಲಿ ವಾಪಸ್ ಅಟ್ಟಿದೆ. ನಿಮ್ಮಕ್ಕ ಇವತ್ತಿಗೂ ಅದಕ್ಕೇ ಬೈತಾಳೆ."

ಲೆಮ್ಯುಯೆಲ್ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದ. ವಸಂತಕ್ಕೆ ಎರಡು ಮರಿಹಂದಿ ಕೊಡುತ್ತೇನೆಂದ. ಎಝ್ರಾ ಒಂದು ಸಾಕೆಂದ. ಇಬ್ಬರೂ ಎದ್ದು ನಿಂತರು, ಎಝ್ರಾ ಮೊಕದ್ದಮೆ ಹಿಂದಕ್ಕೆ ಪಡೆದ.

ಸುದ್ದಿ ತಿಳಿಸಲು ನಾನು ಮೇಲೆ ಹೋದೆ. ಆಬ್ನರ್‌ಗೆ ಸಿಟ್ಟು ಬಂತು.

"ಮುಗೀತಾ? ಹೆಂಗೆ ಮುಗಿಯತ್ತಪ್ಪ? ನಾವಿನ್ನೂ ವಕೀಲರ ವಿಷಯಕ್ಕೇ ಬಂದಿಲ್ಲ."

ಜಾಲರಿಯಲ್ಲಿ ಇಣುಕಿದೆ. ಕೆಳಗೆ ಇಬ್ಬರು ವಕೀಲರೂ ಅವಸರವಾಗಿ ಕೋಟು ಹಾಕಿಕೊಳ್ಳುತ್ತಿದ್ದರು.